ಮುಳುಗಿದ ಊರಿನ ಪುಸ್ತಕ: ಮೂರನೇ ಅಧ್ಯಾಯ ಮುಗಿಯಿತು

ತುಂಗಭದ್ರಾ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನ ಬಗ್ಗೆ ಬರೆಯುತ್ತಿದ್ದೇನಲ್ಲ, ಅದರ ಮೂರನೇ ಅಧ್ಯಾಯ ಮುಗಿಯಿತು. ಹೋದ ಮಳೆಗಾಲದಲ್ಲಿ ಶುರು ಮಾಡಿದ್ದು, ಈ ಮಳೆಗಾಲದ ಹೊತ್ತಿಗೆ ಮುಗಿಯಿತು. ಪುಟಗಳು ಜಾಸ್ತಿ ಇಲ್ಲ. ಕೊಪ್ಪಳದ ಗೆಳೆಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ, ಇನ್ನೂ ಎಷ್ಟು ದಿನ ಅಂತ. ಅದಕ್ಕೆ ಈ ಸಲ ಅಧ್ಯಾಯದ ಜೊತೆಗೆ ನನ್ನ ವೇಗದ ಬಗ್ಗೆಯೂ ಬರೆಯುತ್ತೇನೆ. ಅದರ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ.

ಅಧ್ಯಾಯ ಇರುವುದು ಜನ ಊರು ಬಿಟ್ಟು ಹೊರಟ ಬಗ್ಗೆ. ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1945ರಲ್ಲಿ. ಕೆಲಸ ಒಂದು ಹಂತಕ್ಕೆ ಬಂದು ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಶುರುವಾದಾಗ ನಮ್ಮ ಕೊಪ್ಪಳ ಕಡೆಯ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಹೊಸಪೇಟೆ ಕಡೆಯದು ಮದ್ರಾಸ್ ಪ್ರಾಂತ್ಯಕ್ಕೆ. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಸೇರಿದ್ದು 1956ರಲ್ಲಿ. ಹಾಗಾಗಿ ಒಂದೇ ಅಣೆಕಟ್ಟಿನ ಹಳೇ ಕಾಗದಗಳು ಈ ದಂಡೆಯಲ್ಲಿ ಉರ್ದುವಿನಲ್ಲಿ ಸಿಗುತ್ತವೆ, ಆ ದಂಡೆಯಲ್ಲಿ ಇಂಗ್ಲಿಷಿನಲ್ಲಿ. ನನಗೆ ಉರ್ದು ಓದಲು ಬರುವುದಿಲ್ಲ. ನಮ್ಮ ಓಣಿಯ ಹಿರಿಯ ಮಾಸ್ತರರು ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಅವರ ಕಣ್ಣಿಗೆ ಆಯಾಸ ಆಗುವವರೆಗೆ ಕೂತು ಓದಿಸಿಕೊಳ್ಳುತ್ತೇನೆ, ಆಮೇಲೆ ಎದ್ದು ಬರುತ್ತೇನೆ.

ನಿಧಾನ ಹೇಗೆ ಆಗುತ್ತದೆ ಅಂತ ಒಂದು ಸಾಲು ತೋರಿಸುತ್ತೇನೆ. ಒಬ್ಬ ಅಜ್ಜ ಹೇಳಿದರು, "ಮನಿಗೆ ನಮ್ಮಪ್ಪಗ ಮುನ್ನೂರು ರೂಪಾಯಿ ಬಂದ್ವು." ಬರೆದುಕೊಂಡೆ. ಮನೆಗೆ ಬಂದು ನೋಡಿದರೆ ಒಂದು ಅನುಮಾನ. ಯಾವ ರೂಪಾಯಿ? ಆಗ ಹೈದರಾಬಾದ್ ಸಂಸ್ಥಾನದಲ್ಲಿ ಅದರದ್ದೇ ಹಾಲಿ ಸಿಕ್ಕಾ ಅನ್ನುವ ರೂಪಾಯಿ ಓಡಾಡುತ್ತಿತ್ತು. ಹೊಳೆ ದಾಟಿದರೆ ಕಲ್ದಾರ್, ಅಂದರೆ ಬ್ರಿಟಿಷರ ರೂಪಾಯಿ. ಹಾಲಿ 7 ಕೊಟ್ಟರೆ ಕಲ್ದಾರ್ 6. ಮುನ್ನೂರು ಹಾಲಿ ಆಗಿದ್ದರೆ ಕಲ್ದಾರ್ ಲೆಕ್ಕದಲ್ಲಿ 257ರ ಆಸುಪಾಸು. ಮನೆ ಕಳೆದುಕೊಂಡವನಿಗೆ ಆ ನಲವತ್ತಮೂರು ರೂಪಾಯಿ ಅಂದರೆ ಸುಮ್ನೆ ಅಲ್ಲ. ಮತ್ತೆ ಹೋಗಿ ಕೇಳಿದೆ. ಅಜ್ಜನಿಗೆ ನೆನಪಿಲ್ಲ. ಅವರ ಅಕ್ಕ ಇದ್ದಾರೆ ಬೇರೆ ಊರಲ್ಲಿ, ಅವರನ್ನು ಹುಡುಕಿಕೊಂಡು ಹೋದೆ. ಆ ದುಡ್ಡಲ್ಲಿ ಎತ್ತು ತರೋಕೆ ಹೊಸಪೇಟೆಗೆ ಹೋದಾಗ ಅಪ್ಪ ಮೊದಲು ಸಾಹುಕಾರನ ಹತ್ತಿರ ರೂಪಾಯಿ ಬದಲಿಸಿಕೊಂಡರು, ಕೈಗೆ ಕಡಿಮೆ ಬಂತು ಅಂತ ಮನೆಯಲ್ಲಿ ಜಗಳ ಆಯಿತು ಅಂತ ಆಯಮ್ಮ ಹೇಳಿದರು. ಹಾಗಾದರೆ ಹಾಲಿಯೇ. ಪುಸ್ತಕದಲ್ಲಿ ಇದು ಈಗ ಎರಡು ವಾಕ್ಯ. ಆ ಎರಡು ವಾಕ್ಯಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನಾನು ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ಕಡೆ ಸಿಕ್ಕಿಹಾಕಿಕೊಂಡದ್ದು ಹಗೇವಿನ ಹತ್ತಿರ. ಮನೆ ಕಿತ್ತುಕೊಂಡು ಹೋಗಬಹುದು. ಬಾಗಿಲು, ತೊಲೆ, ಜಂತಿ ಎಲ್ಲ ಬಂಡಿಗೆ ಹೇರಿಕೊಂಡು ಹೋದರು. ನೆಲದೊಳಗೆ ಜೋಳ ತುಂಬಿಟ್ಟ ಹಗೇವನ್ನು ಹೇರುವುದು ಹೇಗೆ? ಅದನ್ನು ಖಾಲಿ ಮಾಡಲೇಬೇಕು. ಮೊದಲು ನಾನು ಬರೆದದ್ದು, "ಹಗೇವು ತೆಗೆದು ಜೋಳವನ್ನು ಚೀಲಕ್ಕೆ ತುಂಬಿದರು" ಅಂತ. ಓದಿ ಹೇಳಿದಾಗ ಆ ಊರಿನ ಒಬ್ಬ ಅಜ್ಜಿ ತಡೆದರು. ಬಾಯಿ ತೆಗೆದ ತಕ್ಷಣ ಯಾರೂ ಒಳಗೆ ಇಳಿಯುವುದಿಲ್ಲ, ಕೆಟ್ಟ ಗಾಳಿ ಇರುತ್ತದೆ. ಮುಚ್ಚಿದ ಕಲ್ಲು ಸರಿಸಿ ಹೊತ್ತು ಕಾಯಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. "ದೀಪಾ ಆರ್ತಂದ್ರ ಕಾಯ್ಬೇಕು ತಮ್ಮಾ, ನೀರು ಬರಾಕತ್ತೈತಿ ಅಂದ್ರೂ ಕಾಯ್ಬೇಕು." ಆ ಮಾತು ಕೇಳಿದ ಮೇಲೆ ಹಳೇ ವಾಕ್ಯವನ್ನು ಹೇಗೆ ಇಟ್ಟುಕೊಳ್ಳುವುದು? ಇಡೀ ಪುಟ ತೆಗೆದು ಮತ್ತೆ ಬರೆದೆ. ಊರೆಲ್ಲ ಹೊರಟು ನಿಂತಿದೆ, ಹಗೇವಿನ ಸುತ್ತ ನಾಲ್ಕು ಜನ ದೀಪ ನೋಡುತ್ತಾ ಕೂತಿದ್ದಾರೆ. ಈ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು.

ವೇಗ ಹೆಚ್ಚಿಸಿಕೊಳ್ಳಲು ಪ್ರಯತ್ನ ಮಾಡಿಲ್ಲ ಅಂತಲ್ಲ. ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಸವಾಲು ಇತ್ತಲ್ಲ, ಅಂದರೆ ದಿನಕ್ಕೆ 1,667 ಪದ, ಅದನ್ನು ನೋಡಿ ನಾನೂ ದಿನದ ಗುರಿ ಇಟ್ಟುಕೊಂಡೆ. ಕಾದಂಬರಿ ಬರೆಯುವವರಿಗೆ ಅದು ಒಳ್ಳೆಯದೇ ಇರಬಹುದು. ನನ್ನ ಕೆಲಸಕ್ಕೆ ಹೊಂದಲಿಲ್ಲ. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ಪ್ಯಾರಾ ಬಂದರೆ ಅವತ್ತು ನನಗೆ ಹಬ್ಬ.

ಜಾಸ್ತಿ ಕಾಡಿದ್ದು 2024ರ ಆಗಸ್ಟ್. 10ನೇ ತಾರೀಖು ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಇರುವ 33 ಗೇಟುಗಳಲ್ಲಿ ಒಂದು ಹೋದರೆ ಏನಾಗುತ್ತದೆ ಅಂತ ಸುತ್ತಲಿನ ಜಿಲ್ಲೆಗಳ ರೈತರು ಕಣ್ಣಾರೆ ಕಂಡರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬಾಯಿ ಮುಚ್ಚುವ ಉಕ್ಕಿನ ಹಲಗೆಗಳನ್ನು ಇಳಿಸುವವರೆಗೆ, ಆ ಇಡೀ ವಾರ, ಫೋನ್ ಬಿಟ್ಟರೆ ಫೋನ್. "ಈಗ್ಲೇ ಪುಸ್ತಕ ತಾ, ಈಗಾದ್ರ ಎಲ್ಲಾರೂ ಓದ್ತಾರ" ಅಂತ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಹತ್ತಿರ ಆಗ ಒಂದೂವರೆ ಅಧ್ಯಾಯ ಇತ್ತು. ಬರೆಯಲು ಕೂತೆ, ಒಂದು ಸಾಲೂ ಬರಲಿಲ್ಲ, ಬಹಳ ಸಂಕಟ ಆಯಿತು. ಆ ವಾರ ಹಿರಿಯರ ಹತ್ತಿರ ಕೂತು ಟಿವಿ ನೋಡಿದೆ ಅಷ್ಟೇ. ಮೊದಲು ಎಷ್ಟು ಕೇಳಿದರೂ "ಏನೈತಿ ಹೇಳಾಕ" ಅನ್ನುತ್ತಿದ್ದವರು, ಟಿವಿಯಲ್ಲಿ ಆ ನೀರು ನೋಡುತ್ತಾ ತಾವಾಗಿಯೇ ಊರು ಬಿಟ್ಟ ದಿನದ ಮಾತು ತೆಗೆದರು. ಈ ಅಧ್ಯಾಯದ ಅರ್ಧ ಅಲ್ಲಿಂದ ಬಂದದ್ದು.

ಹಾಗಂತ ನಿಧಾನಕ್ಕೆ ಬೆಲೆ ತೆರಬೇಕಾಗಿಲ್ಲ ಅಂತ ಹೇಳಲಾರೆ. ಹೇಳುವವರಿಗೆಲ್ಲ ಎಂಬತ್ತು ದಾಟಿದೆ. ಮೊದಲ ಅಧ್ಯಾಯಕ್ಕೆ ಮಾತಾಡಿದ ಇಬ್ಬರು ಈಗಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಇದನ್ನೇ ಯೋಚಿಸಿ ಕೆಲಸವನ್ನು ಎರಡು ಭಾಗ ಮಾಡಿದ್ದೇನೆ. ಮಾತು ರೆಕಾರ್ಡ್ ಮಾಡುವುದು ಈಗಿಂದೀಗ, ಯಾರನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ. ಬರೆಯುವುದು ಅದರ ಪಾಡಿಗೆ ಅದು. ಪುಸ್ತಕ ಅಚ್ಚಾಗುವವರೆಗೂ ಕಾಯದೆ, ಮುಗಿದ ಅಧ್ಯಾಯವನ್ನು ಹೇಳಿದವರ ಮನೆಯಲ್ಲೇ ಜೋರಾಗಿ ಓದಿ ಬರುತ್ತೇನೆ. ಮೊದಲು ಏಳು ಊರುಗಳ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ, ಈಗ ಒಂದೇ ಊರು. ಉಳಿದ ಊರುಗಳ ರೆಕಾರ್ಡಿಂಗ್ ಯಾರಿಗೆ ಬೇಕೋ ಅವರಿಗೆ ಕೊಡುತ್ತೇನೆ, ನನಗಿಂತ ಬೇಗ ಬರೆಯುವವರು ಇದ್ದಾರೆ, ಬರೆಯಲಿ. ಬಿಡುಗಡೆ ಯಾವಾಗ ಅಂತ ಇನ್ನು ಮುಂದೆ ಯಾರಿಗೂ ತಾರೀಖು ಹೇಳುವುದಿಲ್ಲ.

ಮುಂದಿನ ಅಧ್ಯಾಯ ಪರಿಹಾರ ಮತ್ತು ಹೊಸ ಜಾಗದ ಬಗ್ಗೆ. ಅದಕ್ಕೆ ಕಾಗದಗಳು ಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ ಆ ಕಾಲದ ಉರ್ದು ಚೀಟಿ, ರಸೀದಿ ಏನಾದರೂ ಇದ್ದರೆ ದಯವಿಟ್ಟು ಮಡಿಕೆ ಬಿಚ್ಚಿ ಹರಿಯಬೇಡಿ, ಬಿಸಿಲು ಬೀಳದ ಕಡೆ ಇಟ್ಟು ಎರಡೂ ಬದಿ ಫೋಟೊ ತೆಗೆದಿಡಿ. ಓದಿಸುವ ಕೆಲಸ ನನಗಿರಲಿ.