ತಗಡಿನ ಮಾಡಿನ ಕೆಳಗೆ

ಜುಲೈ ತಿಂಗಳು, ಬಿಸಿಯೂಟದ ಹೊತ್ತು. ನಮ್ಮದು ಅಂಕೋಲಾ ಕಡೆಯ, ಕಡಲಿಗೆ ಹತ್ತಿರದ ಸರ್ಕಾರಿ ಶಾಲೆ. ಮಳೆ ಅಂದ್ರೆ ಮಳೆ. ತಗಡಿನ ಶೆಡ್ಡಿನಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಎರಡನೇ ಕ್ಲಾಸಿನ ಒಬ್ಬ ಹುಡುಗ ಇದ್ದಕ್ಕಿದ್ದಂತೆ ತಟ್ಟೆ ಬೀಸಿ ಒಗೆದ. ಮುಂದಿದ್ದ ಹುಡುಗಿಯ ಹಣೆ ಒಡೆದು ರಕ್ತ ಬಂತು. ನಾನು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಆಫೀಸ್ ರೂಮಿನಲ್ಲಿ ನಿಲ್ಲಿಸಿ, ಬಾಯಿಗೆ ಬಂದಂತೆ ಬೈದೆ.

ಹೊಡೆಯಲಿಲ್ಲ. ಕಾನೂನಿನ ಹೆದರಿಕೆ, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದು ನನಗೆ ನೆನಪಾದದ್ದು ಬೈದು ಮುಗಿದ ಮೇಲೆ.

ಜೂನ್, ಜುಲೈ ಮೀನುಗಾರಿಕೆ ಬಂದ್ ಅಲ್ವಾ, ಹಾಗಾಗಿ ಅವನ ಅಪ್ಪ ಮನೆಯಲ್ಲೇ ಇದ್ದರು. ಕರೆಸಿದೆವು. "ನಾಲ್ಕು ಬಾರಿಸಿ ಅಕ್ಕೋರೆ, ನಾನೇನೂ ಕೇಳೋದಿಲ್ಲ" ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು: ಬೋಟಿನ ಇಂಜಿನ್ ಶುರುವಾದರೂ ಸಾಕು, ಮನೆಯಲ್ಲಿ ಮಿಕ್ಸರ್ ತಿರುಗಿದರೂ ಸಾಕು, ಕಿವಿ ಮುಚ್ಚಿಕೊಂಡು ಓಡ್ತಾನಂತೆ. ನಾನು ಆಗ ಅದನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ತಾಲೂಕಿನ ಬಿಐಇಆರ್‌ಟಿ ಮೇಡಂಗೆ (ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ಟೀಚರ್) ಫೋನ್ ಮಾಡಿ ಅರ್ಧ ಗಂಟೆ ಅವನ ದೂರು ಹೇಳಿದೆ. ಅವರು ಕೇಳಿದ್ದು ಒಂದೇ, "ತಟ್ಟೆ ಒಗೆಯುವುದಕ್ಕೆ ಮುಂಚೆ ಏನಾಯಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿ, ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನೀವು ಏನು ಮಾಡಿದಿರಿ ಅಂತ ಬರೆಯಿರಿ ಅಂದರು. ಇರುವ ದಾಖಲೆ ಸಾಲದು ಅಂತ ಇದೊಂದು ಬೇರೆ ಅಂತ ಗೊಣಗಿಕೊಂಡೇ ಬರೆದೆ.

ಎರಡು ವಾರದಲ್ಲಿ ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ತಗಡಿನ ಶೆಡ್ಡಿನಲ್ಲೇ, ಜೋರು ಮಳೆ ಬರುವಾಗ. ತಗಡಿನ ಮೇಲೆ ಮಳೆ, ಕೆಳಗೆ ಎಂಬತ್ತು ಸ್ಟೀಲ್ ತಟ್ಟೆ, ಎಂಬತ್ತು ಬಾಯಿ. ಅದು ನನಗೇ ತಲೆನೋವು. ಆದರೆ ನಾಚಿಕೆ ಆಗಿದ್ದು ಮೂರನೇ ಕಾಲಂ ಓದಿದಾಗ. ಪ್ರತಿ ಸಲವೂ "ಆಫೀಸ್ ರೂಮಿಗೆ ಕರೆದುಕೊಂಡು ಹೋದೆ". ಅದು ಹೆಂಚಿನ ಮಾಡಿನ ಹಳೇ ಕೋಣೆ, ಶಾಲೆಯಲ್ಲೇ ಸದ್ದು ಕಡಿಮೆ ಇರುವ ಜಾಗ. ಅವನಿಗೆ ಬೇಕಾಗಿದ್ದನ್ನು ನಾವೇ ಕೊಡುತ್ತಿದ್ದೆವು, ಅದೂ ಏನಾದರೂ ಒಗೆದರೆ ಮಾತ್ರ!

ಈಗ ಊಟದ ಬೆಲ್ಲಿಗೆ ಐದು ನಿಮಿಷ ಮುಂಚೆಯೇ ಅಡುಗೆಯಕ್ಕ ಅವನಿಗೆ ಬಡಿಸುತ್ತಾರೆ. ಅವನು, ಅವನ ದೋಸ್ತ ಇಬ್ಬರೂ ಹೆಂಚಿನ ಜಗಲಿಯಲ್ಲಿ ಕೂತು ಉಣ್ಣುತ್ತಾರೆ. ಬೇರೆ ಹೊತ್ತಲ್ಲಿ ಸದ್ದು ತಡೆಯಲಾಗದಿದ್ದರೆ ಕಿವಿ ಮುಟ್ಟಿ ತೋರಿಸಬೇಕು, ನಾನು ಹೊರಗೆ ಬಿಡುತ್ತೇನೆ. ಒಂದೆರಡು ಸಲ ಗಣಿತ ತಪ್ಪಿಸಲೂ ಕಿವಿ ಮುಟ್ಟಿದ್ದಾನೆ, ಕಳ್ಳ. ಒಗೆಯುವುದು ಪೂರ್ತಿ ನಿಂತಿಲ್ಲ. ಕಳೆದ ವಾರ ಡಸ್ಟರ್ ಹಾರಿತು. ಅವನಿಗೆ ಏನು ತೊಂದರೆ ಅಂತ ಹೆಸರಿಡುವುದು ಡಾಕ್ಟರ ಕೆಲಸ, ಕಾರವಾರಕ್ಕೆ ಕರೆದುಕೊಂಡು ಹೋಗಿ ತೋರಿಸಿ ಅಂತ ಮನೆಯವರಿಗೆ ಹೇಳಿದ್ದೇನೆ.

ಆ ಹುಡುಗಿಯ ತಾಯಿ ಮಾತ್ರ ನನ್ನ ಹತ್ತಿರ ಇನ್ನೂ ಮಾತಾಡುತ್ತಿಲ್ಲ. ತಟ್ಟೆ ಒಗೆದವನಿಗೇ ಮೊದಲು ಊಟವಂತೆ ಅಂತ ಯಾರ ಹತ್ತಿರವೋ ಹೇಳಿದರಂತೆ. ಮಗಳ ಹಣೆಯಲ್ಲಿ ಗುರುತು ಹಾಗೇ ಇದೆ. ಮನೆಗೆ ಹೋಗಿ ಕೂತು ಮಾತಾಡಬೇಕು, ಈ ಭಾನುವಾರವಾದರೂ.