ರೆಗೆ ಹಳೇದಾಗಿಲ್ಲ, ನಮ್ಮ ಮದುವೆ ಮನೆವರೆಗೂ ಬಂದಿದೆ

ಮಡಿಕೇರಿ ಕಡೆ ಯಾವ ಕೆಫೆಗೆ ಹೋದರೂ ಗೋಡೆ ಮೇಲೆ ಜಮೈಕಾದ ರೆಗೆ ಸಂಗೀತದ ಗಾಯಕ ಬಾಬ್ ಮಾರ್ಲಿ ಚಿತ್ರ ಇರೋದು ಮಾಮೂಲಾಗಿಬಿಟ್ಟಿದೆ. ಹಸಿರು, ಹಳದಿ, ಕೆಂಪು ಪಟ್ಟಿ ಬೇರೆ. ಸ್ಪೀಕರ್‌ನಲ್ಲಿ ಬರೋದು 1984ರ 'ಲೆಜೆಂಡ್' ಸಂಕಲನದ ಹಾಡುಗಳೇ. ನನಗೆ ಮಾರ್ಲಿ ಅಂದ್ರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ತೀರಿಹೋಗಿದ್ದು 1981ರಲ್ಲಿ. ಅಲ್ಲಿಂದ ಈಚೆಗೆ ಜಮೈಕಾದಲ್ಲಿ ಯಾರೂ ಹಾಡೇ ಇಲ್ಲವೇನೋ ಅನ್ನೋ ಹಾಗೆ ನಾವು ಇದ್ದೇವೆ ಅಲ್ವಾ, ಅದು ನನಗೆ ಬೇಜಾರು.

ಮೊನ್ನೆ ಗೋಣಿಕೊಪ್ಪಲಿನಲ್ಲಿ ಒಂದು ಮದುವೆ. ಊಟ ಮುಗಿಸಿ ಕೂತಿದ್ದಾಗ ಅಕ್ಕನ ಮಗ ನನ್ನ ಫೋನಿನ ಹಾಡಿನ ಪಟ್ಟಿ ನೋಡಿ, "ಚಿಕ್ಕಮ್ಮ, ರೆಗೆ ಎಲ್ಲ ಈಗ ಯಾರು ಕೇಳ್ತಾರೆ? ಹಳೇದಾಯ್ತು" ಅಂದ. ಅವನು ಆಗಷ್ಟೇ ಪೋರ್ಟೊರಿಕೊದವರ ಸ್ಪ್ಯಾನಿಷ್ ಹಾಡು 'ಡೆಸ್ಪಸಿಟೊ'ಗೆ ಕುಣಿದು, ಬೆವರು ಒರೆಸಿಕೊಂಡು ಬಂದಿದ್ದ. ನಾನು ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. "ನೀನು ಈಗ ಕುಣಿದಿದ್ದು ಏನು ಅಂದುಕೊಂಡಿದ್ದೀಯ?"

ಆ ಹಾಡಿನ ಕೆಳಗೆ ಓಡುವ 'ಡುಂ, ಟಕ, ಡುಂ, ಟಕ್' ಪೆಟ್ಟು ಹುಟ್ಟಿದ್ದು ಪೋರ್ಟೊರಿಕೊದಲ್ಲಿ ಅಲ್ಲ, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ. ಸ್ಟೀಲಿ ಮತ್ತು ಕ್ಲೀವಿ ಅನ್ನೋ ಇಬ್ಬರು 1989ರಲ್ಲಿ 'ಫಿಶ್ ಮಾರ್ಕೆಟ್' ಅಂತ ಒಂದು ರಿಡಿಮ್, ಅಂದ್ರೆ ಹಾಡಿನ ಕೆಳಗೆ ಓಡುವ ತಾಳದ ಟ್ರ್ಯಾಕ್, ಮಾಡಿದರು. ಶಬ್ಬಾ ರ‍್ಯಾಂಕ್ಸ್ ಅವರ 'ಡೆಮ್ ಬೋ' ಹಾಡಿನಿಂದ ಆ ತಾಳ ಎಲ್ಲ ಕಡೆ ಹರಡಿತು. ಪನಾಮಾ ಕಾಲುವೆ ಅಗೆಯೋಕೆ ಅಂತ ಹೋದ ಜಮೈಕಾದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದರು. ರೆಗೆಯನ್ನ ಅವರು ಸ್ಪ್ಯಾನಿಷ್‌ನಲ್ಲಿ ಹಾಡಿದರು, ಅದು ಪೋರ್ಟೊರಿಕೊಗೆ ಹೋಗಿ ರೆಗೆಟಾನ್ ಆಯಿತು, ಅಲ್ಲಿಂದ ಇಡೀ ಪ್ರಪಂಚ ಸುತ್ತಿ ನಮ್ಮ ಹಳ್ಳಿ ಮದುವೆಯ ಡಿಜೆ ಲ್ಯಾಪ್‌ಟಾಪಿಗೂ ಬಂತು. 2021ರಲ್ಲಿ ಕ್ಲೀವಿ ಅವರೂ, ತೀರಿಹೋಗಿದ್ದ ಸ್ಟೀಲಿ ಅವರ ವಾರಸುದಾರರೂ ತಮ್ಮ ತಾಳವನ್ನ ಕೇಳದೆ ಬಳಸಿದ್ದಾರೆ ಅಂತ ಅಮೆರಿಕದಲ್ಲಿ ಕೇಸು ಹಾಕಿದರು. ಆಮೇಲೆ ಆ ಕೇಸಿನ ಪಟ್ಟಿ 1,800ಕ್ಕೂ ಹೆಚ್ಚು ಹಾಡುಗಳವರೆಗೆ ಬೆಳೆಯಿತು. ಇದು ಹಳೇದಾದ ಸಂಗೀತದ ಲಕ್ಷಣವಾ?

ಪಟ್ಟಿ ಅಲ್ಲಿಗೇ ಮುಗಿಯಲ್ಲ. ರಿಹಾನಾ ಅವರ 2016ರ 'ವರ್ಕ್' ನಿಂತಿರೋದು ಜಮೈಕಾದ ಒಂದು ಹಳೇ ರಿಡಿಮ್ ಮೇಲೆ. ಹಿಪ್‌ಹಾಪ್ ಹುಟ್ಟಿತು ಅಂತ ಹೇಳೋ 1973ರ ಆಗಸ್ಟ್ ತಿಂಗಳ ನ್ಯೂಯಾರ್ಕ್ ಪಾರ್ಟಿಯಲ್ಲಿ ಹಾಡು ಹಾಕಿದ ಕೂಲ್ ಹರ್ಕ್ ಹುಟ್ಟಿದ್ದೂ ಕಿಂಗ್‌ಸ್ಟನ್‌ನಲ್ಲೇ. ಚಾರ್ಟಿನಲ್ಲಿ ಜಮೈಕಾದವರ ಹೆಸರು ಕಮ್ಮಿ ಕಾಣುತ್ತೆ ನಿಜ, ಕೆಲಸ ಮಾತ್ರ ಜಾಸ್ತಿ ಅವರದೇ. ಅದಕ್ಕೇ ನಾನು ಇಷ್ಟು ಜೋರಾಗಿ ಹೇಳ್ತಿರೋದು.

ಈ ರಿಡಿಮ್ ಅಂದ್ರೆ ಏನು ಅಂತ ಗೊತ್ತಾದರೆ ರೆಗೆಯಿಂದ ಹುಟ್ಟಿದ ಕುಣಿತದ ಸಂಗೀತ ಡ್ಯಾನ್ಸ್‌ಹಾಲ್ ಅರ್ಧ ಅರ್ಥ ಆದ ಹಾಗೆ. ಬೇಸು, ಡ್ರಮ್ಮು ಸೇರಿದ ಒಂದು ಟ್ರ್ಯಾಕ್. ಅದಕ್ಕೆ ಒಂದು ಹೆಸರು. ಅದರ ಮೇಲೆ ಬೇರೆ ಬೇರೆ ಗಾಯಕರು ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಲೆಂಕಿ ಮಾರ್ಸ್‌ಡೆನ್ ಮಾಡಿದ ಒಂದು ರಿಡಿಮ್ ಹೆಸರು 'ದಿವಾಲಿ', ಹೌದು, ನಮ್ಮ ದೀಪಾವಳಿಯೇ. ಅದರಲ್ಲಿ ಮೊದಲು ಕಿವಿಗೆ ಬೀಳೋದು ಚಪ್ಪಾಳೆ, ಸುಮ್ನೆ ಕೂತಿದ್ದವರ ಕೈಯೂ ತಾನಾಗಿ ಜೊತೆಗೆ ತಟ್ಟುತ್ತೆ. ಶಾನ್ ಪಾಲ್ ಅವರ 'ಗೆಟ್ ಬಿಜಿ' 2003ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದು ಇದೇ ರಿಡಿಮ್ ಮೇಲೆ. ವೇಯ್ನ್ ವಂಡರ್, ಲುಮಿಡಿ ಅವರ ಹಿಟ್‌ಗಳೂ ಅದೇ ಚಪ್ಪಾಳೆಯ ಮೇಲೆ ಬಂದವು. ಮೂರನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. (1845ರಿಂದ ನಮ್ಮ ದೇಶದ ಕೂಲಿಗಳು ಹಡಗಿನಲ್ಲಿ ಜಮೈಕಾಕ್ಕೆ ಹೋಗಿದ್ದಾರೆ. ಅವರಿಂದಲೇ ಅಲ್ಲಿ ಇವತ್ತಿಗೂ ಹಬ್ಬದೂಟ ಅಂದ್ರೆ ಮೇಕೆ ಮಾಂಸದ ಕರಿ ಇರಲೇಬೇಕು.)

ಇನ್ನೊಂದು ವಿಷಯ ಮಡಿಕೇರಿ ದಸರಾ ನೋಡಿದವರಿಗೆ ಚೆನ್ನಾಗಿ ಅರ್ಥ ಆಗುತ್ತೆ. ವಿಜಯದಶಮಿ ರಾತ್ರಿ ದಶಮಂಟಪಗಳು ಹೊರಡುತ್ತವಲ್ಲ, ಹತ್ತು ದೇವಸ್ಥಾನದ ಹತ್ತು ಮಂಟಪ. ಟ್ರ್ಯಾಕ್ಟರ್ ಮೇಲೆ ದೇವರು ರಾಕ್ಷಸರ ಕಥೆ, ಲೈಟು, ಹೊಗೆ, ಸೌಂಡು. ಜನರೇಟರ್ ಪಕ್ಕ ಡೀಸೆಲ್ ವಾಸನೆಯಲ್ಲಿ ನಿಂತರೆ ಬೇಸು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ. ನಮ್ಮ ಮಂಟಪ ದೊಡ್ಡದಾ ನಿಮ್ಮದಾ ಅನ್ನೋ ಪೈಪೋಟಿ, ಬೆಳಗಿನ ಜಾವದವರೆಗೂ ಮನೆಗೆ ಹೋಗದ ಜನ. ಕಿಂಗ್‌ಸ್ಟನ್‌ನ ಸೌಂಡ್ ಸಿಸ್ಟಮ್ ಪೈಪೋಟಿಯಲ್ಲಿ ದೇವರಿಲ್ಲ, ಬಹುಮಾನಕ್ಕೆ ತೀರ್ಪುಗಾರರಿಲ್ಲ, ಜನರ ಕೂಗೇ ತೀರ್ಪು. ಉಳಿದಂತೆ ಹುರುಪು ಇದೇ. 1950ರ ದಶಕದಲ್ಲಿ ಅಲ್ಲಿನ ಬಡವರ ಕೈಯಲ್ಲಿ ಬ್ಯಾಂಡ್ ಕರೆಸೋಕೆ ದುಡ್ಡಿರಲಿಲ್ಲ, ಹಾಗಾಗಿ ಬೀರು ಗಾತ್ರದ ಸ್ಪೀಕರ್‌ಗಳನ್ನು ಬೀದಿಗೆ ತಂದು ರೆಕಾರ್ಡ್ ಹಾಕೋರು. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ದೊಡ್ಡ ಎದುರಾಳಿಗಳು. ತಾನು ಹಾಕೋ ಹಾಡು ಯಾವುದು ಅಂತ ಎದುರಾಳಿಗೆ ಗೊತ್ತಾಗಬಾರದು ಅಂತ ರೆಕಾರ್ಡಿನ ಲೇಬಲ್ಲನ್ನೇ ಕೆರೆದು ತೆಗೆಯುತ್ತಿದ್ದರು!

1985ರ ಫೆಬ್ರವರಿಯಲ್ಲಿ ಅಂಥದೇ ಒಂದು ಪೈಪೋಟಿಯಲ್ಲಿ ಕಿಂಗ್ ಜ್ಯಾಮಿ ಎಂಬುವರು 'ಸ್ಲೆಂಗ್ ಟೆಂಗ್' ಅನ್ನೋ ರಿಡಿಮ್ ಹಾಕಿದರು. ಅದರ ಬೇಸನ್ನು ಯಾವ ವಾದ್ಯಗಾರನೂ ನುಡಿಸಿಲ್ಲ. ಕ್ಯಾಸಿಯೊ ಎಂಟಿ-40 ಅನ್ನೋ ಪುಟ್ಟ ಕೀಬೋರ್ಡಿನಲ್ಲಿ 'ರಾಕ್' ಅಂತ ತಯಾರಾಗಿ ಬಂದಿದ್ದ ತಾಳವನ್ನೇ ನಿಧಾನ ಮಾಡಿ ಬಳಸಿದ್ದು. ಆ ತಾಳ ಕೂರಿಸಿದವರು ಒಕುಡಾ ಹಿರೊಕೊ ಅನ್ನೋ ಜಪಾನಿನ ಹೆಣ್ಣುಮಗಳು, ಆಗಷ್ಟೇ ಕಂಪನಿಗೆ ಕೆಲಸಕ್ಕೆ ಸೇರಿದ್ದರು. ಅಲ್ಲಿಂದ ಜಮೈಕಾದ ಸಂಗೀತ ಡಿಜಿಟಲ್ ಆಯಿತು. ಸ್ಟುಡಿಯೊ ಬಾಡಿಗೆಗೆ, ವಾದ್ಯಗಾರರಿಗೆ ಕೊಡೋಕೆ ದುಡ್ಡಿಲ್ಲದ ಹುಡುಗರೂ ಹಾಡು ಮಾಡೋ ಹಾಗಾಯ್ತು.

ಈಗಿನ ಮಾತಿಗೆ ಬಂದರೆ ಡ್ಯಾನ್ಸ್‌ಹಾಲ್ ಗಾಯಕ ವೈಬ್ಸ್ ಕಾರ್ಟೆಲ್ ಹೆಸರು ಬಿಟ್ಟು ಮಾತಾಡೋಕೆ ಆಗಲ್ಲ. 2011ರಿಂದ ಜೈಲಿನಲ್ಲಿದ್ದ ಮನುಷ್ಯ. 2014ರಲ್ಲಿ ಕೊಲೆ ಕೇಸಿನಲ್ಲಿ ಶಿಕ್ಷೆ ಆಯ್ತು, 2024ರ ಮಾರ್ಚ್‌ನಲ್ಲಿ ಜಮೈಕಾದವರ ಕೊನೇ ಅಪೀಲು ಕೇಳೋ ಲಂಡನ್‌ನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದು ಮಾಡಿತು, ಜುಲೈ ಕೊನೆಗೆ ಹೊರಗೆ ಬಂದರು. ಒಳಗಿದ್ದಷ್ಟು ವರ್ಷವೂ ಹೊಸ ಹಾಡು ಬರುತ್ತಲೇ ಇತ್ತು. ಅದೇ ವರ್ಷದ ಕೊನೆ ರಾತ್ರಿ ಕಿಂಗ್‌ಸ್ಟನ್‌ನ ನ್ಯಾಷನಲ್ ಸ್ಟೇಡಿಯಮ್‌ನಲ್ಲಿ ಹಾಡಿದರು, 2025ರಲ್ಲಿ ನ್ಯೂಯಾರ್ಕ್‌ನಲ್ಲೂ. ಅವರ ಧ್ವನಿ, ಮಾತಿನ ಚುರುಕು ನನಗೆ ಇಷ್ಟ. ಆದರೆ ಡ್ಯಾನ್ಸ್‌ಹಾಲ್‌ನಲ್ಲಿ ಬಂದೂಕು ಹೊಗಳೋ ಹಾಡು, ಸಲಿಂಗಿಗಳ ಮೇಲೆ ದ್ವೇಷ ಕಾರೋ ಹಾಡು ಬೇಕಾದಷ್ಟಿವೆ. ತಾಳ ಚೆನ್ನಾಗಿದೆ ಅಂತ ಅವನ್ನ ನಾನು ಒಪ್ಪಲ್ಲ, ಮನೆಯಲ್ಲಿ ಹಾಕೋದೂ ಇಲ್ಲ.

ನನಗೆ ತುಂಬಾ ಪ್ರೀತಿ ಇರೋದು ಕಾಫಿ ಮೇಲೆ. ತೋಟದ ಕಾಫಿ ಅಲ್ಲ, ಸ್ಪ್ಯಾನಿಷ್ ಟೌನ್‌ನ ಗಾಯಕಿ. ಸುಡೋ ಬಿಸಿಲಲ್ಲೂ ಸ್ಕೂಲಿನಲ್ಲಿ ಕಾಫಿ ಕುಡಿಯುತ್ತಿದ್ದಳು ಅಂತ ಗೆಳೆಯರು ಇಟ್ಟ ಹೆಸರಂತೆ, ಕೊಡಗಿನವರಿಗೆ ಇದಕ್ಕಿಂತ ಪರಿಚಯ ಬೇಕಾ? 2020ರಲ್ಲಿ 'ರ‍್ಯಾಪ್ಚರ್'ಗೆ ರೆಗೆ ವಿಭಾಗದ ಗ್ರ್ಯಾಮಿ ಬಂದಾಗ ಆ ಹುಡುಗಿಗೆ ಇನ್ನೂ 19. ಆ ಪ್ರಶಸ್ತಿ ಶುರುವಾಗಿದ್ದು 1985ರಲ್ಲಿ. ಅಷ್ಟು ವರ್ಷದಲ್ಲಿ ತನ್ನ ಹೆಸರಲ್ಲೇ ಅದನ್ನು ಗೆದ್ದ ಮೊದಲ ಹೆಣ್ಣು ಅವಳೇ. 'ಟೋಸ್ಟ್' ಹಾಡಿನಲ್ಲಿ ಅವಳು ಉಸಿರು ತೆಗೆದುಕೊಳ್ಳದೆ ಸಾಲು ಮೇಲೆ ಸಾಲು ಹೇಳಿಕೊಂಡು ಹೋಗಿ, ತಕ್ಷಣ ಬೇಸು ಬಂದು ಕೂರುತ್ತಲ್ಲ, ಆ ಜಾಗಕ್ಕೆ ನಾನು ಪ್ರತಿ ಸಲ ಕಾಯುತ್ತೇನೆ.

ಅಕ್ಕನ ಮಗನಿಗೆ ಅವತ್ತೇ ಒಂದು ಪಟ್ಟಿ ಕಳಿಸಿದೆ, ಇಲ್ಲೂ ಹಾಕ್ತೀನಿ. ಮೊದಲು ಕಾಫಿ. ಆಮೇಲೆ ಕ್ರಾನಿಕ್ಸ್ ಅವರ 'ಕ್ರೊನಾಲಜಿ', ಪ್ರೊಟೊಜೆ, ಲಿಲಾ ಐಕೆ, ಇವರೆಲ್ಲ ರೆಗೆ ಕಡೆಯವರು, ಮಾರ್ಲಿ ಇಷ್ಟ ಇರೋರು ಇಲ್ಲಿಂದ ಶುರು ಮಾಡಿ. ಕುಣಿಯೋಕೆ ಬೇಕು ಅಂದ್ರೆ ಶೆನ್ಸಿಯಾ, ಪಾಪ್‌ಕಾನ್, ಸ್ಪೈಸ್. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ದಯವಿಟ್ಟು ಕೇಳಬೇಡಿ, ಬೇಸು ಸಿಗಲ್ಲ, ಬೇಸು ಇಲ್ಲದಿದ್ದರೆ ಆ ಹಾಡಲ್ಲಿ ಅರ್ಧ ಇಲ್ಲ. ಕಾರಿನಲ್ಲಿ ಹಾಕಿ, ಇಲ್ಲಾ ಮನೆಯಲ್ಲಿ ಇರೋ ದೊಡ್ಡ ಬಾಕ್ಸಿಗೆ ಜೋಡಿಸಿ. ಕೆಫೆ, ಹೋಂಸ್ಟೇ ನಡೆಸೋ ಗೆಳೆಯರಿಗೂ ಹೇಳ್ತೀನಿ: ಮಾರ್ಲಿ ಚಿತ್ರ ಗೋಡೆ ಮೇಲೆ ಹಾಗೇ ಇರಲಿ, ಆದರೆ ಸಂಜೆ ಅರ್ಧ ಗಂಟೆ ಈಗ ಹಾಡ್ತಿರೋರ ಹಾಡೂ ಹಾಕಿ. ಯಾರದ್ದು ಅಂತ ಯಾರಾದರೂ ಕೇಳಿದರೆ ಹೆಸರು ಹೇಳಿ.