ಕುಳೆಂನಲ್ಲಿ ಕಾದ ಒಂದು ಗಂಟೆ

ದೂಧಸಾಗರ ನೋಡೋಣ ಅಂತ 2018ರ ಮಳೆಗಾಲದಲ್ಲಿ ಮಡಗಾಂವಿನಿಂದ ಹುಬ್ಬಳ್ಳಿ ರೈಲು ಹತ್ತಿದ್ದೆ. ಜಲಪಾತ ಕಂಡದ್ದು ಎರಡೇ ನಿಮಿಷ. ಆದರೆ ಒಂದು ಗೂಡ್ಸ್ ಗಾಡಿ ನನ್ನ ಇಡೀ ಬೆಳಿಗ್ಗೆಯನ್ನು ತಿಂದುಹಾಕಿತು.

ಕುಳೆಂ ಅಂದರೆ ಘಟ್ಟದ ಬುಡದ ನಿಲ್ದಾಣ. ಪಕ್ಕದ ಹಳಿಯಲ್ಲಿ ಕಲ್ಲಿದ್ದಲಿನ ರೇಕ್, ಅಂದರೆ ಡಬ್ಬಿಗಳ ಇಡೀ ಸಾಲು, ನಿಂತಿತ್ತು. ಡಬ್ಬಿಗಳನ್ನು ಎಣಿಸತೊಡಗಿದೆ, ಐವತ್ತರ ಹತ್ತಿರ ಲೆಕ್ಕ ತಪ್ಪಿತು. ಎದುರು ಸೀಟಿನಲ್ಲಿದ್ದವರು ನಕ್ಕರು. ಹುಬ್ಬಳ್ಳಿಯ ನಿವೃತ್ತ ಡ್ರೈವರ್ ಅಂತೆ. "ಐವತ್ತೆಂಟು ಅದಾವ್ರೀ. ಒಂದೊಂದ್ರಾಗ ಅರವತ್ತು ಟನ್ ಹಿಡಿರಿ."

ಅಂದರೆ ಸುಮಾರು 3,500 ಟನ್! ಇದು ಮುರಗಾಂವ್ ಬಂದರಿನಲ್ಲಿ ಹಡಗಿನಿಂದ ಇಳಿದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಟ ಮಾಲು. ಬಳ್ಳಾರಿ ಸೀಮೆಯಲ್ಲಿ ಅದಿರು ಬೇಕಾದಷ್ಟಿದೆ, ಅದನ್ನು ಕರಗಿಸುವ ಕಲ್ಲಿದ್ದಲು ಮಾತ್ರ ಇಲ್ಲ. ಹಾಗಾಗಿ ಸಮುದ್ರ ದಾಟಿ ಬಂದದ್ದು ಸಹ್ಯಾದ್ರಿಯನ್ನೂ ಹತ್ತಬೇಕು.

ಕುಳೆಂನಿಂದ ಘಟ್ಟದ ಮೇಲಿನ ನಿಲ್ದಾಣ ಕ್ಯಾಸಲ್‌ರಾಕ್‌ಗೆ 26 ಕಿ.ಮೀ. 37 ಮೀಟರ್ ಹೋದರೆ ಒಂದು ಮೀಟರ್ ಏರು. ಬಸ್ಸಿಗೆ ಇದು ಲೆಕ್ಕಕ್ಕೇ ಇಲ್ಲ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿ ಉರುಳಬೇಕಲ್ಲ, ಅದಕ್ಕೆ ಬಹಳ ಜಾಸ್ತಿ. ಮಳೆಯಲ್ಲಂತೂ ಗಾಲಿ ಜಾರುತ್ತದೆ, ಎಂಜಿನ್ನೇ ಹಳಿಗೆ ಮರಳು ಉದುರಿಸಿಕೊಂಡು ಹೋಗಬೇಕು.

ಮುಂದೆ ಎರಡು ಎಂಜಿನ್ ಇದ್ದವು. ಹಿಂದಿನಿಂದ ಇನ್ನೂ ಮೂರು ನಿಧಾನಕ್ಕೆ ಬಂದು ಅಂಟಿಕೊಂಡವು. ಇವೇ ಬ್ಯಾಂಕರ್‌ಗಳು, ಏರಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕುವ ಎಂಜಿನ್‌ಗಳು. ಐದನ್ನೂ ಮುಂದೆಯೇ ಕಟ್ಟಬಹುದಲ್ವಾ ಅಂದೆ.

"ಎಲ್ಲಾ ಮುಂದಿಂದ ಜಗ್ಗಿದ್ರ ಕಪ್ಲಿಂಗ್ ಕಿತ್ತು ಬರ್ತದ್ರೀ. ಅರ್ಧ ಗಾಡಿ ಗೋವಾಕ್ಕ ವಾಪಸ್!"

ಹಿಂದಿನವು ನೂಕಿದರೆ ಮುಂದಿನ ಕೊಂಡಿಗಳ ಮೇಲಿನ ಜಗ್ಗಾಟ ಕಡಿಮೆಯಾಗುತ್ತದೆ. ಅಷ್ಟೇ ವಿಷಯ. ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಗೂಡ್ಸ್ ಹೊರಟಿತು, ನಾವು ಉಳಿದೆವು. ಒಂಟಿ ಹಳಿ. ಜೋಡಿ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಂದು ಕಾದು ಬೇಸತ್ತಿದ್ದರೂ, ಆ ಕಾಡು ನೋಡಿದ ಮೇಲೆ ತೀರ್ಪು ಓದಿ ನನಗೆ ಸಮಾಧಾನವೇ ಆಯಿತು.

ನಮಗೂ ಹಿಂದೆ ಬ್ಯಾಂಕರ್ ಕೊಟ್ಟರು. ಸುರಂಗ, ಮಂಜು, ಕಿಟಕಿಯಿಂದ ಒಳಗೆ ಬರುವ ನೀರಿನ ಹನಿ. ಕ್ಯಾಸಲ್‌ರಾಕ್‌ನಲ್ಲಿ ಅದೇ ಕಲ್ಲಿದ್ದಲು ಗಾಡಿ ಸುಮ್ನೆ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಅದರ ಬ್ಯಾಂಕರ್‌ಗಳನ್ನು ಆಗಲೇ ಬಿಚ್ಚಿಯಾಗಿತ್ತು. ಮತ್ತೊಂದು ರೇಕ್ ತರಲು ಅವು ಘಟ್ಟ ಇಳಿಯಬೇಕಿತ್ತು.